ಗೇಮ್ ಥಿಯರಿಯ ಗಣಿತ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಗೇಮ್ ಥಿಯರಿ ಕಲಿತರೆ ಆಟ ಗೆಲ್ಲಬಹುದಾ?

ಗ್ಯಾರಂಟಿ ಇಲ್ಲ. ಈ ಗಣಿತ ಕೇಳುವ ಪ್ರಶ್ನೆಯೇ ಬೇರೆ. ನನಗೆ ಸಿಗುವ ಫಲ ನನ್ನ ಆಯ್ಕೆಯೊಂದನ್ನೇ ಅವಲಂಬಿಸಿಲ್ಲ, ಎದುರಿನವರ ಆಯ್ಕೆಯನ್ನೂ ಅವಲಂಬಿಸಿದೆ. ಅವರ ಕಥೆಯೂ ಅಷ್ಟೇ. ಹೀಗಿರುವಾಗ, ಎಲ್ಲರ ಆಯ್ಕೆ ಬಯಲಾದ ಮೇಲೂ ಯಾರಿಗೂ "ಛೇ, ನಾನು ಬೇರೆ ಮಾಡಬೇಕಿತ್ತು" ಅನ್ನಿಸದಂಥ ಜಾಗ ಎಲ್ಲಿದೆ? ಅದನ್ನು ಹುಡುಕುವುದೇ ಇಲ್ಲಿನ ಮುಖ್ಯ ಕೆಲಸ. ಆ ಜಾಗ ನಿಮಗೆ ಲಾಭದ್ದೇ ಆಗಿರಬೇಕು ಅಂತೇನಿಲ್ಲ. ಎಷ್ಟೋ ಸಲ ಅಲ್ಲಿ ಎಲ್ಲರಿಗೂ ನಷ್ಟವೇ.

ಎಷ್ಟು ಗಣಿತ ಗೊತ್ತಿರಬೇಕು?

ಶುರು ಮಾಡಲು ಮೂರು ಸಾಕು. ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದು ಅಂತ ಹೇಳುವುದು, ಸರಾಸರಿ ತೆಗೆಯುವುದು, ಒಂದೇ ಅಕ್ಷರ ಇರುವ ಸಮೀಕರಣ ಬಿಡಿಸುವುದು. ಕ್ಯಾಲ್ಕ್ಯುಲಸ್ ಬೇಕಾಗುವುದು ಆಯ್ಕೆಗಳು ಬೆಲೆ ಅಥವಾ ಉತ್ಪಾದನೆಯ ಹಾಗೆ ಸಲೀಸಾಗಿ ಏರಿಳಿಯುವಾಗ. ಅಂಥ ಲೆಕ್ಕವನ್ನು ಫ್ರಾನ್ಸಿನ ಕೂರ್ನೋ 1838ರಲ್ಲೇ ಮಾಡಿದ್ದರು. ಆಗ ಈ ಶಾಸ್ತ್ರಕ್ಕೆ ಹೆಸರೂ ಇರಲಿಲ್ಲ. ಈ ಪುಟದಲ್ಲಿ ಕ್ಯಾಲ್ಕ್ಯುಲಸ್ ಬರುವುದಿಲ್ಲ.

ಗಣಿತದಲ್ಲಿ ಯಾವುದನ್ನು "ಆಟ" ಅನ್ನುತ್ತಾರೆ?

ಮೂರು ವಿಷಯ ಹೇಳಿದರೆ ಆಟ ಸಿದ್ಧ. ಆಡುವವರು ಯಾರು, ಒಬ್ಬೊಬ್ಬರ ಮುಂದೆ ಇರುವ ಆಯ್ಕೆಗಳು ಯಾವುವು, ಎಲ್ಲರೂ ಆಯ್ಕೆ ಮಾಡಿದ ಮೇಲೆ ಯಾರಿಗೆ ಎಷ್ಟು ಸಿಗುತ್ತದೆ. ಆಯ್ಕೆಗೆ ತಂತ್ರ ಅಂತಲೂ, ಸಿಗುವುದಕ್ಕೆ ಪೇಆಫ್ ಅಂತಲೂ ಹೇಳುತ್ತಾರೆ. ಹರಾಜು, ಚುನಾವಣೆ, ಎರಡು ಕಂಪನಿಗಳ ಬೆಲೆ ಸಮರ ಎಲ್ಲವೂ ಆಟವೇ. ನಾಳೆ ಮಳೆ ಬರುತ್ತಾ ಅಂತ ಯೋಚಿಸಿ ಕೊಡೆ ಹಿಡಿಯುವುದು ಆಟವಲ್ಲ. ಮೋಡಕ್ಕೆ ನಿಮ್ಮ ಕೊಡೆಯ ಚಿಂತೆ ಇಲ್ಲ, ಅಲ್ವಾ?

ಪೇಆಫ್ ಕೋಷ್ಟಕ ಓದುವುದು ಹೇಗೆ?

ಎಲ್ಲರೂ ಕೇಳಿರುವ ಕೈದಿಗಳ ಇಕ್ಕಟ್ಟನ್ನೇ ತೆಗೆದುಕೊಳ್ಳೋಣ. 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ಇದನ್ನು ಬರೀ ಸಂಖ್ಯೆಗಳ ಕೋಷ್ಟಕವಾಗಿ ಮಾಡಿದ್ದರು. ಕೈದಿಗಳ ಕಥೆ ಅಂಟಿಸಿದ್ದು ಗಣಿತಜ್ಞ ಆಲ್ಬರ್ಟ್ ಟಕರ್. ಕಥೆ ಬಿಟ್ಟು ಸಂಖ್ಯೆ ನೋಡಿ:

| | ಸಹಕರಿಸು | ಕೈಕೊಡು |
|---|---|---|
| ಸಹಕರಿಸು | 3, 3 | 0, 5 |
| ಕೈಕೊಡು | 5, 0 | 1, 1 |

ಅಡ್ಡಸಾಲು ಆರಿಸುವವರು ಒಬ್ಬರು, ಕಂಬಸಾಲು ಆರಿಸುವವರು ಇನ್ನೊಬ್ಬರು. ಪ್ರತಿ ಮನೆಯಲ್ಲಿ ಮೊದಲ ಸಂಖ್ಯೆ ಅಡ್ಡಸಾಲಿನವರದ್ದು, ಎರಡನೆಯದು ಕಂಬಸಾಲಿನವರದ್ದು. ನೀವು ಅಡ್ಡಸಾಲಿನವರು ಅಂದುಕೊಳ್ಳಿ. ಎದುರಿನವರು ಸಹಕರಿಸಿದರೆ ನಿಮಗೆ 3 ಅಥವಾ 5. ಹಾಗಾಗಿ ಕೈಕೊಡುವುದು ಲಾಭ. ಅವರು ಕೈಕೊಟ್ಟರೆ ನಿಮಗೆ 0 ಅಥವಾ 1. ಆಗಲೂ ಕೈಕೊಡುವುದೇ ಲಾಭ. ಎದುರಿನವರು ಏನೇ ಮಾಡಲಿ ಮೇಲಾಗಿಯೇ ಉಳಿಯುವ ಇಂಥ ಆಯ್ಕೆಗೆ ಡಾಮಿನೆಂಟ್ ತಂತ್ರ ಅನ್ನುತ್ತಾರೆ. ಅವರ ಲೆಕ್ಕವೂ ಇದೇ. ಕೊನೆಗೆ ಇಬ್ಬರೂ 1, 1ರಲ್ಲಿ ಕೂರುತ್ತಾರೆ. ಪಕ್ಕದಲ್ಲೇ ಇದ್ದ 3, 3 ಹಾಗೇ ಉಳಿಯುತ್ತದೆ.

ಮೊದಲೇ ಕೂತು ಮಾತಾಡಿಕೊಂಡರೆ ಸರಿಹೋಗುವುದಿಲ್ಲವೇ?

ಇಲ್ಲ. ಮಾತು ಕೊಟ್ಟ ಮೇಲೂ ಕೋಷ್ಟಕ ಅದೇ. ಎದುರಿನವರು ಮಾತಿಗೆ ನಿಲ್ಲುತ್ತಾರೆ ಅಂತ ಖಾತ್ರಿಯಾದಷ್ಟೂ ನಿಮಗೆ 5ರ ಆಸೆ ಜಾಸ್ತಿ. ಮಾತು ಮುರಿದವರಿಗೆ ದಂಡ ಇದ್ದರೆ ಬೇರೆ ಮಾತು. 5ರಿಂದ 3 ಕಳೆದು 2 ಮಾಡಿ ನೋಡಿ, ಇಡೀ ಆಟ ಬದಲಾಗುತ್ತದೆ. ಒಪ್ಪಂದಗಳಿಗೆ ಕಾನೂನಿನ ಬಲ ಬೇಕಾಗುವುದು ಇಲ್ಲೇ.

ನ್ಯಾಶ್ ಸಮತೋಲನ ಅಂದರೇನು? ಹುಡುಕುವುದು ಹೇಗೆ?

ಒಬ್ಬೊಬ್ಬರಿಗೂ ಒಂದೊಂದು ತಂತ್ರ ಹಂಚಿ. ಈಗ ಉಳಿದವರನ್ನು ಅಲ್ಲಾಡಿಸದೆ ಒಬ್ಬರನ್ನು ಮಾತ್ರ ಕೇಳಿ: "ನಿಮ್ಮ ಆಯ್ಕೆ ಬದಲಿಸಿದರೆ ಜಾಸ್ತಿ ಸಿಗುತ್ತಾ?" ಎಲ್ಲರೂ "ಇಲ್ಲ" ಅಂದರೆ ಅದೇ ನ್ಯಾಶ್ ಸಮತೋಲನ.

ಹುಡುಕಲು ಪೆನ್ಸಿಲ್ ಸಾಕು. ಪ್ರತಿ ಕಂಬಸಾಲಿನಲ್ಲಿ ಅಡ್ಡಸಾಲಿನವರ ದೊಡ್ಡ ಸಂಖ್ಯೆಗೆ ಗೆರೆ ಎಳೆಯಿರಿ. ಪ್ರತಿ ಅಡ್ಡಸಾಲಿನಲ್ಲಿ ಕಂಬಸಾಲಿನವರ ದೊಡ್ಡ ಸಂಖ್ಯೆಗೆ ಗೆರೆ ಎಳೆಯಿರಿ. ಎರಡೂ ಸಂಖ್ಯೆಗೆ ಗೆರೆ ಬಿದ್ದ ಮನೆ ಸಮತೋಲನ. ಮೇಲಿನ ಕೋಷ್ಟಕದಲ್ಲಿ ಅಂಥ ಮನೆ 1, 1 ಒಂದೇ.

ಹೊಸಬರು ಎಡವುವುದು ಎರಡು ಕಡೆ. ಒಂದು, ಎಲ್ಲರಿಗೂ ಒಳ್ಳೆಯದಾಗುವ ಮನೆಯೇ ಸಮತೋಲನ ಅಂದುಕೊಳ್ಳುವುದು. 3, 3 ಒಳ್ಳೆಯ ಮನೆ, ಆದರೆ ಅಲ್ಲಿ ಇಬ್ಬರಿಗೂ ಹಾರಿಹೋಗುವ ಆಸೆ ಇದೆ. ಇನ್ನೊಂದು, ಇಬ್ಬರನ್ನೂ ಒಟ್ಟಿಗೆ ಬದಲಿಸಿ ನೋಡುವುದು. ಒಟ್ಟಿಗೆ ಬದಲಿಸಿದರೆ 1, 1ರಿಂದ 3, 3ಕ್ಕೆ ಹೋಗಬಹುದು ನಿಜ. ಆದರೆ ವ್ಯಾಖ್ಯೆ ಕೇಳುವುದು ಒಬ್ಬೊಬ್ಬರನ್ನೇ.

ಒಂದೇ ಆಟಕ್ಕೆ ಎರಡು ಸಮತೋಲನ ಇರಬಹುದಾ?

ಧಾರಾಳವಾಗಿ. ಇಬ್ಬರು ಬೇಟೆಗೆ ಹೋಗಿದ್ದಾರೆ. ಇಬ್ಬರೂ ಜಿಂಕೆಗೆ ಕಾದರೆ ಒಬ್ಬೊಬ್ಬರಿಗೆ 4. ಮೊಲದ ಹಿಂದೆ ಓಡಿದವರಿಗೆ, ಇನ್ನೊಬ್ಬರು ಏನೇ ಮಾಡಲಿ, 3 ಸಿಗುತ್ತದೆ. ಒಬ್ಬರೇ ಜಿಂಕೆಗೆ ಕಾದರೆ 0. ಗೆರೆ ಎಳೆದು ನೋಡಿ. ಇಬ್ಬರೂ ಜಿಂಕೆಗೆ ಕಾಯುವುದೂ ಸಮತೋಲನ, ಇಬ್ಬರೂ ಮೊಲ ಹಿಡಿಯುವುದೂ ಸಮತೋಲನ. ಯಾವುದಕ್ಕೆ ಹೋಗಿ ನಿಲ್ಲುತ್ತಾರೆ ಅನ್ನುವುದು ಒಬ್ಬರ ಮೇಲೊಬ್ಬರಿಗೆ ಎಷ್ಟು ನಂಬಿಕೆ ಅನ್ನುವುದಕ್ಕೆ ಬಿಟ್ಟಿದ್ದು. ಎದುರಿನವರು ಜಿಂಕೆಗೆ ಕಾಯುವ ಸಂಭವ 3/4ಕ್ಕಿಂತ ಜಾಸ್ತಿ ಅನ್ನಿಸಿದರೆ ಮಾತ್ರ ನೀವು ಕಾಯುವುದು ಲಾಭ. 4ನ್ನು 3/4ರಿಂದ ಗುಣಿಸಿದರೆ 3, ಅಷ್ಟೇ ಲೆಕ್ಕ. ಇಬ್ಬರೂ ಸರಿಯಾಗಿ 3/4 ಸಂಭವದಲ್ಲಿ ಜಿಂಕೆಗೆ ಕಾಯುವುದು ಇಲ್ಲಿನ ಮೂರನೇ ಸಮತೋಲನ. ರಾಬರ್ಟ್ ವಿಲ್ಸನ್ 1971ರಲ್ಲಿ ತೋರಿಸಿದ ಒಂದು ಮಜವಾದ ಸಂಗತಿ ಇದೆ: ತೀರಾ ವಿಶೇಷ ಸಂಖ್ಯೆಗಳ ಕೆಲವು ಆಟಗಳನ್ನು ಬಿಟ್ಟರೆ, ಸಮತೋಲನಗಳ ಲೆಕ್ಕ ಯಾವಾಗಲೂ ಬೆಸ ಸಂಖ್ಯೆ.

ಗೆರೆ ಎಳೆದರೆ ಒಂದು ಮನೆಯೂ ಸಿಗದಿದ್ದರೆ?

ಆಗ ಮಿಶ್ರ ತಂತ್ರ ಬೇಕು. ಅಂದರೆ ಒಂದೇ ಆಯ್ಕೆಗೆ ಅಂಟಿಕೊಳ್ಳದೆ, ಇಂತಿಷ್ಟು ಸಂಭವನೀಯತೆಯಲ್ಲಿ ಇದು, ಇಂತಿಷ್ಟರಲ್ಲಿ ಅದು ಅಂತ ಹಂಚಿಕೊಳ್ಳುವುದು. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಲೆಕ್ಕ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಫುಟ್‌ಬಾಲ್ ಪೆನಾಲ್ಟಿ. ಚೆಂಡು ಗೋಲಿಯನ್ನು (ಗೋಲ್‌ಕೀಪರ್) ಮುಟ್ಟುವಷ್ಟರಲ್ಲಿ ನೋಡಿ ಹಾರುವಷ್ಟು ಸಮಯ ಇರುವುದಿಲ್ಲ. ಹಾಗಾಗಿ ಒದೆಯುವವರೂ ಗೋಲಿಯೂ ಒಟ್ಟಿಗೇ ತೀರ್ಮಾನ ಮಾಡಬೇಕು. ಅರ್ಥಶಾಸ್ತ್ರಜ್ಞ ಪಲಾಸಿಯೋಸ್-ವೆರ್ತಾ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೃತ್ತಿಪರ ಪಂದ್ಯಗಳ 1,417 ಪೆನಾಲ್ಟಿಗಳನ್ನು ಎಣಿಸಿದ್ದಾರೆ. ಒದೆಯುವವರ ಕಾಲಿಗೆ ಹೊಂದುವ ಕಡೆಗೆ "ಸಹಜ ಕಡೆ" ಅನ್ನೋಣ, ಇನ್ನೊಂದಕ್ಕೆ "ಎದುರು ಕಡೆ". ಗೋಲಾದ ಶೇಕಡಾವಾರು ಹೀಗಿತ್ತು:

| | ಗೋಲಿ ಎದುರು ಕಡೆ ಹಾರಿದರೆ | ಗೋಲಿ ಸಹಜ ಕಡೆ ಹಾರಿದರೆ |
|---|---|---|
| ಎದುರು ಕಡೆ ಒದೆತ | 58.30 | 94.97 |
| ಸಹಜ ಕಡೆ ಒದೆತ | 92.91 | 69.92 |

ಒದೆಯುವವರಿಗೆ ಬೇಕಾದ್ದು ದೊಡ್ಡ ಸಂಖ್ಯೆ, ಗೋಲಿಗೆ ಬೇಕಾದ್ದು ಚಿಕ್ಕದು. ಯಾವ ಮನೆಯಲ್ಲಿ ನಿಂತರೂ ಇಬ್ಬರಲ್ಲಿ ಒಬ್ಬರಿಗೆ ಕಡೆ ಬದಲಿಸುವ ಮನಸ್ಸಾಗುತ್ತದೆ. ಹಾಗಾಗಿ ಬೆರೆಸಲೇಬೇಕು. ಎಷ್ಟೆಷ್ಟು?

ಒದೆಯುವವರು ಎದುರು ಕಡೆ ಒದೆಯುವ ಪಾಲು "ಒ" ಇರಲಿ. ಗೋಲಿ ಎದುರು ಕಡೆ ಹಾರಿದರೆ ಗೋಲಾಗುವ ಸರಾಸರಿ 58.30ಒ + 92.91(1 − ಒ). ಸಹಜ ಕಡೆ ಹಾರಿದರೆ 94.97ಒ + 69.92(1 − ಒ). ಇವೆರಡರಲ್ಲಿ ಒಂದು ಚಿಕ್ಕದಾಗಿದ್ದರೆ ಗೋಲಿ ಪ್ರತಿ ಸಲ ಆ ಕಡೆಗೇ ಹಾರುತ್ತಾನೆ, ಒದೆಯುವವರ ಕಥೆ ಮುಗಿಯಿತು. ಗೋಲಿಗೆ ಎರಡೂ ಒಂದೇ ಅನ್ನಿಸಬೇಕು. ಎರಡನ್ನೂ ಸಮ ಮಾಡಿ ಬಿಡಿಸಿ: 22.99 = 59.66ಒ. ಅಂದರೆ ಒ ಸುಮಾರು 0.385. ಇದೇ ದಾರಿಯಲ್ಲಿ ಗೋಲಿಯ ಪಾಲನ್ನು ಬಿಡಿಸಿದರೆ ಎದುರು ಕಡೆಗೆ 0.42 ಬರುತ್ತದೆ.

ನಿಜವಾದ ಆಟದಲ್ಲಿ? ಒದೆಯುವವರು ಎದುರು ಕಡೆ ಆರಿಸಿದ್ದು ಶೇ. 39.98 ಸಲ, ಗೋಲಿಗಳು ಶೇ. 42.31 ಸಲ. ಸಮೀಕರಣ ಬಿಡಿಸದೆಯೇ ಇಷ್ಟು ಹತ್ತಿರ ಬಂದಿದ್ದಾರೆ. ಅದಕ್ಕಿಂತ ಅಚ್ಚರಿ ಅಂದರೆ, ಆಟಗಾರರ ಆಯ್ಕೆಗಳಲ್ಲಿ ಹಿಂದಿನ ಆಯ್ಕೆಯ ನೆರಳು ಕಾಣಲಿಲ್ಲ. ಸಾಮಾನ್ಯವಾಗಿ ಜನರಿಗೆ "ಸುಮ್ನೆ ಮನಸ್ಸಿಗೆ ಬಂದ ಹಾಗೆ ಆರಿಸಿ" ಅಂದರೆ ಒಂದಾದ ಮೇಲೊಂದು ಕಡೆ ಬದಲಿಸುತ್ತಾ ಹೋಗುತ್ತಾರೆ. ಅದನ್ನು ಹಿಡಿಯುವುದು ಸುಲಭ.

ಒಂದು ಕಡೆ ಒದೆಯುವುದರಲ್ಲಿ ಪಳಗಿದರೆ ಆ ಕಡೆ ಜಾಸ್ತಿ ಒದೆಯಬೇಕು, ಅಲ್ವಾ?

ಯಾವಾಗಲೂ ಅಲ್ಲ! ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. "ಒ" ಎಷ್ಟಿರಬೇಕು ಅಂತ ತೀರ್ಮಾನಿಸಿದ್ದು ಒದೆಯುವವರ ಆಸೆಯಲ್ಲ, ಗೋಲಿಯನ್ನು ಗೊಂದಲದಲ್ಲಿ ಇಡಬೇಕಾದ ಅಗತ್ಯ.

ಒದೆಯುವವರು ಅಭ್ಯಾಸ ಮಾಡಿ, ಗೋಲಿ ತಪ್ಪು ಕಡೆ ಹಾರಿದಾಗ ಎದುರು ಕಡೆಯ ಒದೆತ ಒಂದೂ ಹಾಳಾಗದ ಹಾಗೆ ಮಾಡಿಕೊಂಡರು ಅನ್ನಿ. ಅಂದರೆ 94.97 ಇದ್ದದ್ದು 100 ಆಯಿತು, ಉಳಿದ ಮೂರು ಮನೆ ಹಾಗೇ ಇವೆ. ಈಗ ಸಮೀಕರಣ 22.99 = 64.69ಒ. ಉತ್ತರ 0.355. ಎದುರು ಕಡೆಯ ಒದೆತ ಸುಧಾರಿಸಿತು, ಆ ಕಡೆ ಒದೆಯುವ ಪಾಲು ಇಳಿಯಿತು! ಗೋಲಿ ಹುಷಾರಾಗಿ ಆ ಕಡೆ ಹಾರುವುದನ್ನು 42ರಿಂದ ಸುಮಾರು 46.5ಕ್ಕೆ ಏರಿಸುತ್ತಾನೆ. ಅಭ್ಯಾಸ ವ್ಯರ್ಥವಾಗಲಿಲ್ಲ. ಒಟ್ಟು ಗೋಲಾಗುವ ಸಂಭವ ಶೇ. 79.6ರಿಂದ 80.6ಕ್ಕೆ ಏರಿದೆ. ಆದರೆ ಆ ಲಾಭದ ಬಹುಪಾಲು ಬಂದದ್ದು ಸಹಜ ಕಡೆಗೆ ಈಗ ದಾರಿ ಸ್ವಲ್ಪ ತೆರವಾಗಿರುವುದರಿಂದ.

ಅದೇ 58.30 ಇದ್ದದ್ದು 70 ಆದರೆ? ಆಗ "ಒ" 0.48ರ ಹತ್ತಿರಕ್ಕೆ ಏರುತ್ತದೆ. ಯಾವ ಮನೆಯ ಸಂಖ್ಯೆ ಬದಲಾಯಿತು ಅನ್ನುವುದು ಮುಖ್ಯ. ಬಾಯಿಮಾತಿನ ತರ್ಕ ಇಲ್ಲಿ ಕೈಕೊಡುತ್ತದೆ, ಕೂತು ಲೆಕ್ಕ ಹಾಕಲೇಬೇಕು.

ಹಾಗಾದರೆ ಪ್ರತಿ ಆಟಕ್ಕೂ ಸಮತೋಲನ ಇದ್ದೇ ಇರುತ್ತದಾ?

ಆಟಗಾರರೂ ಅವರ ಆಯ್ಕೆಗಳೂ ಎಣಿಸಿ ಮುಗಿಯುವಷ್ಟಿದ್ದು, ಬೆರೆಸಲು ಅವಕಾಶ ಇದ್ದರೆ, ಹೌದು. ಒಬ್ಬರ ಲಾಭ ಇನ್ನೊಬ್ಬರ ನಷ್ಟವಾಗಿರುವ ಇಬ್ಬರ ಆಟಗಳಿಗೆ ಸಮತೋಲನ ಇದ್ದೇ ಇದೆ ಅಂತ ಹೇಳುವ ಮಿನಿಮ್ಯಾಕ್ಸ್ ಪ್ರಮೇಯವನ್ನು ಜಾನ್ ವಾನ್ ನಾಯ್ಮನ್ 1928ರಲ್ಲಿ ಸಾಧಿಸಿದರು. ಮಿಶ್ರ ತಂತ್ರದ ಬಗ್ಗೆ ಎಮಿಲ್ ಬೊರೆಲ್ 1921ರಲ್ಲೇ ಬರೆದಿದ್ದರು. ಎಷ್ಟೇ ಆಟಗಾರರಿರಲಿ, ಲಾಭ ನಷ್ಟ ಹೇಗೇ ಇರಲಿ, ಸಮತೋಲನ ಇದೆ ಅಂತ ಜಾನ್ ನ್ಯಾಶ್ 1950ರಲ್ಲಿ ತೋರಿಸಿದರು. ಆ ಸಾಧನೆ ಎರಡು ಪುಟವೂ ತುಂಬುವುದಿಲ್ಲ.

ಒಳಗಿನ ಉಪಾಯ ಹೀಗಿದೆ. ಎಲ್ಲರ ಈಗಿನ ತಂತ್ರಗಳನ್ನು ಕೊಟ್ಟರೆ ಒಬ್ಬೊಬ್ಬರ ಒಳ್ಳೆಯ ಉತ್ತರ ಯಾವುದು ಅಂತ ಹೇಳುವ ಒಂದು ಯಂತ್ರ ಇದೆ ಅನ್ನಿ. ಅದರೊಳಗೆ ಹಾಕಿದ್ದೇ ಹೊರಗೆ ಬಂದರೆ ಯಾರಿಗೂ ಬದಲಿಸುವ ಕಾರಣ ಇಲ್ಲ, ಅದೇ ಸಮತೋಲನ. ಇಂಥ ಬದಲಾಗದ ಬಿಂದು ಇದ್ದೇ ಇರುತ್ತದೆ ಅಂತ ಹೇಳುವ ಸ್ಥಿರಬಿಂದು ಪ್ರಮೇಯಗಳು ಆಗಲೇ ಗಣಿತದಲ್ಲಿ ಇದ್ದವು. ನ್ಯಾಶ್ ಮೊದಲು ಕಾಕುತಾನಿಯವರದ್ದನ್ನು ಬಳಸಿದರು, 1951ರ ಲೇಖನದಲ್ಲಿ ಬ್ರೌವರ್ ಅವರದ್ದನ್ನು. 1994ರ ಅರ್ಥಶಾಸ್ತ್ರದ ನೊಬೆಲ್ ಅವರಿಗೆ ಹರ್ಸಾನಿ ಮತ್ತು ಸೆಲ್ಟನ್ ಜೊತೆ ಬಂತು.

ಇದ್ದೇ ಇದೆ ಅಂದಮೇಲೆ ಕಂಪ್ಯೂಟರ್ ಕ್ಷಣದಲ್ಲಿ ಹುಡುಕಿ ಕೊಡುತ್ತದಾ?

ಇಬ್ಬರ ಶೂನ್ಯ ಮೊತ್ತದ ಆಟವಾದರೆ, ಅಂದರೆ ಒಬ್ಬರ ಲಾಭವೇ ಇನ್ನೊಬ್ಬರ ನಷ್ಟವಾದರೆ, ಕೊಡುತ್ತದೆ. ಲೀನಿಯರ್ ಪ್ರೋಗ್ರಾಮಿಂಗ್ ಅನ್ನುವ ಲೆಕ್ಕದ ವಿಧಾನ ಸಾಕು. ಉಳಿದ ಆಟಗಳಲ್ಲಿ ಎಲ್ಲಕ್ಕೂ ನಡೆಯುವ ವೇಗದ ದಾರಿ ಯಾರಿಗೂ ಸಿಕ್ಕಿಲ್ಲ, ಸಿಗುವುದಿಲ್ಲ ಅಂತಲೇ ಹೆಚ್ಚಿನ ತಜ್ಞರ ಅಂದಾಜು. ಇಬ್ಬರ ಶೂನ್ಯ ಮೊತ್ತದ ಪೋಕರ್‌ನಲ್ಲಿ ದೊಡ್ಡ ಹೆಜ್ಜೆಗಳಾಗಿವೆ. ಬಾಜಿಗೆ ಮಿತಿ ಇರುವ ಇಬ್ಬರ ಹೋಲ್ಡೆಮ್ ಅನ್ನುವ ಪೋಕರ್ ಆಟವನ್ನು ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಹೆಚ್ಚುಕಮ್ಮಿ ಪೂರ್ತಿ ಬಿಡಿಸಿತು.

ಚೆಸ್‌ನಂಥ ಸರದಿ ಆಟಗಳಿಗೂ ಕೋಷ್ಟಕ ಬರೆಯಬೇಕಾ?

ಬೇಡ. ಕೊನೆಯಿಂದ ಹಿಂದಕ್ಕೆ ಬನ್ನಿ. ಒಂದು ರಾಶಿಯಲ್ಲಿ 21 ಕಡ್ಡಿಗಳಿವೆ. ಸರದಿಯಲ್ಲಿ 1, 2 ಅಥವಾ 3 ತೆಗೆಯಬೇಕು. ಕೊನೆಯ ಕಡ್ಡಿ ತೆಗೆದವರು ಗೆಲ್ಲುತ್ತಾರೆ. ನಿಮ್ಮ ಸರದಿಗೆ 4 ಉಳಿದಿದ್ದರೆ ಸೋತಿರಿ, ಏಕೆಂದರೆ ನೀವು ಎಷ್ಟೇ ತೆಗೆದರೂ ಉಳಿದದ್ದನ್ನು ಎದುರಿನವರು ಬಾಚಿಕೊಳ್ಳುತ್ತಾರೆ. ಹಾಗಾದರೆ 5, 6, 7 ಗೆಲ್ಲುವ ಜಾಗ, 8 ಮತ್ತೆ ಸೋಲು. 4ರ ಮಗ್ಗಿಯೆಲ್ಲ ಸೋಲು. 21ರಿಂದ ಶುರು ಮಾಡುವವರು ಒಂದು ಕಡ್ಡಿ ತೆಗೆದು 20 ಉಳಿಸಿದರೆ ಮುಗಿಯಿತು.

ಚೆಸ್‌ಗೂ ಇದೇ ತರ್ಕ ಸಲ್ಲುತ್ತದೆ. ಬಿಳಿಗೆ ಖಚಿತ ಗೆಲುವು, ಕಪ್ಪಿಗೆ ಖಚಿತ ಗೆಲುವು, ಇಲ್ಲವೇ ಇಬ್ಬರಿಗೂ ಡ್ರಾ ಉಳಿಸಿಕೊಳ್ಳುವ ದಾರಿ. ಈ ಮೂರರಲ್ಲಿ ಒಂದು ನಿಜವಾಗಿರಲೇಬೇಕು. ಜೆರ್ಮೆಲೊ 1913ರಲ್ಲಿ ಬರೆದ ಲೇಖನದಿಂದ ಹೊರಟ ಫಲಿತಾಂಶ ಇದು. ಮೂರರಲ್ಲಿ ಯಾವುದು ಅನ್ನುವುದು ಇನ್ನೂ ಯಾರಿಗೂ ತಿಳಿಯದು. ಸಾಧ್ಯವಿರುವ ನಡೆಗಳು ಕವಲೊಡೆಯುವ ಮರ ಅಷ್ಟು ದೊಡ್ಡದು. ಚೆಕರ್ಸ್ ಆಟವನ್ನು ಮಾತ್ರ 2007ರಲ್ಲಿ ಬಿಡಿಸಿದರು. ಇಬ್ಬರೂ ತಪ್ಪು ಮಾಡದಿದ್ದರೆ ಅದು ಡ್ರಾ.

ಒಂದೇ ಆಟವನ್ನು ಮತ್ತೆ ಮತ್ತೆ ಆಡಿದರೆ ಸಹಕಾರ ಹುಟ್ಟುತ್ತದಾ?

ಹುಟ್ಟಬಹುದು, ಆದರೆ ಕೊನೆಯ ಸುತ್ತು ಯಾವುದು ಅಂತ ಮೊದಲೇ ಗೊತ್ತಿರಬಾರದು. 100 ಸುತ್ತು ಅಂತ ಗೊತ್ತಿದ್ದರೆ 100ನೆಯದರಲ್ಲಿ ಕೈಕೊಡುವುದು ಖಂಡಿತ. ಹಾಗಾದರೆ 99ರಲ್ಲಿ ಒಳ್ಳೆಯವರಾಗಿರಲು ಕಾರಣ ಇಲ್ಲ. ಹೀಗೇ ಮೊದಲ ಸುತ್ತಿನ ತನಕ ಬಿಚ್ಚಿಹೋಗುತ್ತದೆ.

ಈಗ ಪ್ರತಿ ಸುತ್ತಿನ ನಂತರ ಆಟ ಮುಂದುವರಿಯುವ ಸಂಭವ "ಮ" ಅನ್ನಿ. ಇಬ್ಬರೂ ಸಹಕರಿಸುತ್ತಾರೆ, ಒಬ್ಬರು ಒಮ್ಮೆ ಕೈಕೊಟ್ಟರೆ ಅಲ್ಲಿಂದ ಮುಂದೆ ಎಂದೂ ಸಹಕಾರ ಇಲ್ಲ. ಸಹಕರಿಸುತ್ತಲೇ ಹೋದರೆ ನಿರೀಕ್ಷಿತ ಮೊತ್ತ 3 + 3ಮ + 3ಮ² + … ಅಂದರೆ 3 ÷ (1 − ಮ). ಈಗಲೇ ಕೈಕೊಟ್ಟರೆ ಒಮ್ಮೆ 5, ಆಮೇಲೆ ಬರೀ 1, 1, 1. ಅದರ ಮೊತ್ತ 5 + ಮ ÷ (1 − ಮ). ಎರಡನ್ನೂ ಹೋಲಿಸಿದರೆ ಷರತ್ತು ಸರಳ: ಮ ಕನಿಷ್ಠ 1/2 ಇದ್ದರೆ ಸಹಕಾರ ನಿಲ್ಲುತ್ತದೆ. ಶಾಲೆಯಲ್ಲಿ ಕಲಿತ ಗುಣೋತ್ತರ ಶ್ರೇಢಿಗೆ ಇಷ್ಟು ಒಳ್ಳೆಯ ಕೆಲಸ ಬೇರೆಲ್ಲೂ ಸಿಕ್ಕಿಲ್ಲ ಅಂತ ನನ್ನ ಅನಿಸಿಕೆ.

ರಾಬರ್ಟ್ ಆ್ಯಕ್ಸೆಲ್‌ರಾಡ್ 1980ರ ಸುಮಾರಿಗೆ ಇದರ ಮೇಲೆ ಎರಡು ಕಂಪ್ಯೂಟರ್ ಟೂರ್ನಿ ನಡೆಸಿದರು. ಎರಡನ್ನೂ ಗೆದ್ದದ್ದು ಅನಟೋಲ್ ರಾಪಪೋರ್ಟ್ ಕಳಿಸಿದ "ಟಿಟ್ ಫಾರ್ ಟ್ಯಾಟ್". ಮೊದಲು ಸಹಕರಿಸು, ಆಮೇಲೆ ಎದುರಿನವರು ಹಿಂದಿನ ಸುತ್ತಿನಲ್ಲಿ ಮಾಡಿದ್ದನ್ನೇ ಮಾಡು. ಈ ತಂತ್ರ ಯಾವ ಒಂದು ಪಂದ್ಯದಲ್ಲೂ ಎದುರಾಳಿಗಿಂತ ಜಾಸ್ತಿ ಅಂಕ ಗಳಿಸಲಾರದು, ಯಾಕೆಂದರೆ ಎಂದೂ ಮೊದಲು ಕೈಕೊಡುವುದಿಲ್ಲ. ಆದರೂ ಒಟ್ಟು ಅಂಕದಲ್ಲಿ ಮೊದಲು ಬಂತು. ಅದೇ ಎಲ್ಲ ಕಾಲಕ್ಕೂ ಅತ್ಯುತ್ತಮ ಅಂತ ಮಾತ್ರ ತಿಳಿಯಬೇಡಿ. ಅಕಸ್ಮಾತ್ ಒಂದು ತಪ್ಪು ನಡೆ ಬಿದ್ದರೆ ಇಂಥ ಇಬ್ಬರು ಸೇಡಿನ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಪೇಆಫ್ ಅಂದರೆ ದುಡ್ಡೇ?

ಅಲ್ಲ. ಆಟಗಾರರಿಗೆ ಯಾವುದು ಎಷ್ಟು ಬೇಕು ಅನ್ನುವುದರ ಅಳತೆ. ಬೆರೆಸದೆ ಒಂದೇ ಆಯ್ಕೆ ಹಿಡಿಯುವ ಶುದ್ಧ ತಂತ್ರಗಳಷ್ಟೇ ಇದ್ದರೆ ಯಾವುದು ಮೇಲು ಯಾವುದು ಕೆಳಗೆ ಅನ್ನುವ ಕ್ರಮ ಸಾಕು. 5, 3, 1, 0 ಬದಲು 50, 4, 2, 1 ಬರೆದರೂ ಕೈದಿಗಳ ಸಮತೋಲನ ಅದೇ. ಬೆರೆಸಲು ಹೊರಟಾಗ ಅಂತರಗಳೂ ಲೆಕ್ಕಕ್ಕೆ ಬರುತ್ತವೆ. ಅದಕ್ಕೆ ಬೇಕಾದ ಅಡಿಪಾಯವನ್ನು ವಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ ತಮ್ಮ 1944ರ ಪುಸ್ತಕದಲ್ಲಿ ಹಾಕಿದ್ದಾರೆ. ಒಬ್ಬರ ಎಲ್ಲ ಸಂಖ್ಯೆಗಳನ್ನೂ ಒಂದೇ ಧನ ಸಂಖ್ಯೆಯಿಂದ ಗುಣಿಸಿದರೆ ಅಥವಾ ಎಲ್ಲಕ್ಕೂ ಒಂದೇ ಸಂಖ್ಯೆ ಕೂಡಿಸಿದರೆ ಏನೂ ಬದಲಾಗದು.

ಜನ ನಿಜಕ್ಕೂ ಹೀಗೆ ಯೋಚಿಸುತ್ತಾರಾ?

ಕೆಲವೊಮ್ಮೆ. ಒಂದು ಕೋಣೆಯಲ್ಲಿರುವವರೆಲ್ಲ 0ಯಿಂದ 100ರೊಳಗೆ ಒಂದು ಸಂಖ್ಯೆ ಬರೆಯಬೇಕು. ಎಲ್ಲರ ಸರಾಸರಿಯ 2/3ಕ್ಕೆ ಹತ್ತಿರ ಬಂದವರು ಗೆಲ್ಲುತ್ತಾರೆ. ಸರಾಸರಿ 50 ಅಂದುಕೊಂಡರೆ 33 ಬರೆಯಬೇಕು. ಎಲ್ಲರೂ ಹಾಗೇ ಯೋಚಿಸಿದರೆ 22. ಹೀಗೇ ಇಳಿಯುತ್ತಾ ಸಮತೋಲನ 0ಗೆ ಬರುತ್ತದೆ. ರೋಸ್ಮೇರಿ ನಾಗೆಲ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಹಳ ಜನ 33, 22ರ ಆಸುಪಾಸಿನಲ್ಲೇ ನಿಂತರು. ಮೊದಲ ಸಲ ಆಡುವಾಗ 0 ಬರೆದವರು ಸೋಲುತ್ತಾರೆ. ಸಮತೋಲನ ಗೊತ್ತಿದ್ದರೆ ಸಾಲದು, ಕೋಣೆಯಲ್ಲಿ ಇನ್ಯಾರಿಗೆ ಗೊತ್ತಿದೆ ಅನ್ನುವುದೂ ಗೊತ್ತಿರಬೇಕು. ಅದೇ ಆಟವನ್ನು ಅದೇ ಜನ ನಾಲ್ಕಾರು ಸುತ್ತು ಆಡಿದರೆ ಸಂಖ್ಯೆಗಳು 0 ಕಡೆಗೆ ಜಾರುತ್ತವೆ.

ಕೈಯಾರೆ ಬಿಡಿಸಲು ಒಂದು ಲೆಕ್ಕ ಕೊಡಿ.

ಕಲ್ಲು, ಕಾಗದ, ಕತ್ತರಿ. ಒಂದೇ ಬದಲಾವಣೆ: ಕಲ್ಲಿನಿಂದ ಗೆದ್ದರೆ 2 ಅಂಕ, ಬೇರೆ ಯಾವುದರಿಂದ ಗೆದ್ದರೂ 1. ಸೋತವರಿಗೆ ಅಷ್ಟೇ ಅಂಕ ಕಡಿತ. ಮೂರನ್ನೂ ಎಷ್ಟೆಷ್ಟು ಬೆರೆಸಬೇಕು?

ಎದುರಿನವರ ಪಾಲುಗಳು ಕಲ್ಲಿಗೆ "ಲ", ಕಾಗದಕ್ಕೆ "ದ", ಕತ್ತರಿಗೆ "ತ" ಇರಲಿ. ನೀವು ಕಲ್ಲು ಹಿಡಿದರೆ ಸರಾಸರಿ 2ತ − ದ, ಕಾಗದ ಹಿಡಿದರೆ ಲ − ತ, ಕತ್ತರಿ ಹಿಡಿದರೆ ದ − 2ಲ. ಇಬ್ಬರಿಗೂ ಆಟ ಒಂದೇ ಥರ, ಹಾಗಾಗಿ ಸಮತೋಲನದಲ್ಲಿ ಮೂರೂ 0 ಆಗಬೇಕು. ಲ ಮತ್ತು ತ ಸಮ, ದ ಅವುಗಳ ಎರಡರಷ್ಟು. ಮೂರನ್ನೂ ಕೂಡಿದರೆ 1 ಬರಬೇಕು. ಹಾಗಾಗಿ ಕಲ್ಲು 1/4, ಕತ್ತರಿ 1/4, ಕಾಗದ 1/2. ಬಹುಮಾನ ಜಾಸ್ತಿಯಾಗಿದ್ದು ಕಲ್ಲಿಗೆ, ಪಾಲು ಏರಿದ್ದು ಕಾಗದಕ್ಕೆ. ಇದು ಸರಿಬಂದಿತೇ? ಹಾಗಾದರೆ ಕಾಗದದ ಗೆಲುವಿಗೂ 2 ಅಂಕ ಕೊಟ್ಟು ಮತ್ತೆ ಬಿಡಿಸಿ. ಕಲ್ಲು 1/5, ಕಾಗದ 2/5, ಕತ್ತರಿ 2/5 ಬರಬೇಕು.